ಮಳೆ ರಜೆ ಒಲ್ಲದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರು ಎಂದು ಫೋನು ಬಂದಾಗ ನಾನು ನಾಲ್ಕನೇ ತರಗತಿಯ ಹಾಜರಿ ತೆಗೆದುಕೊಳ್ಳುತ್ತಿದ್ದೆ. ಹರಪನಹಳ್ಳಿಯಿಂದ ಹಳೆಯ ಪರಿಚಯದವರೊಬ್ಬರು ಮಾಡಿದ್ದರು. “ಬೆಳಿಗ್ಗೆ ಹೋದ್ರಂತ್ರಿ. ಮೂರು ಗಂಟಿಗೆ ಮಣ್ಣು” ಎಂದರು. ಆಯಿತು ಎಂದು ಫೋನಿಟ್ಟೆ. ಉಳಿದ ಹೆಸರುಗಳನ್ನು ಕೂಗಿದೆ. ಆಮೇಲೆ ಮಕ್ಕಳಿಗೆ ಗುಣಾಕಾರ ಮಾಡಿಸಿದೆ. ಹನ್ನೆರಡರ ಬಸ್ಸು ಹಿಡಿದಿದ್ದರೆ ಮುಖ ನೋಡಲು ಸಿಗುತ್ತಿತ್ತು. ಹಿಡಿಯಲಿಲ್ಲ. ಮನೆಗೆ ಬಂದ ಮೇಲಾದರೂ ಅಳು ಬರಬಹುದು ಅಂದುಕೊಂಡಿದ್ದೆ, ಅದೂ ಬರಲಿಲ್ಲ. ಒಂದು ವಾರದಿಂದ ಅವರ ಮಾತುಗಳು ಬಿಡಿಬಿಡಿಯಾಗಿ ನೆನಪಾಗುತ್ತಿವೆ. ಅವನ್ನು ಬರೆದಿಡುತ್ತಿದ್ದೇನೆ, ಅಷ್ಟೆ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಮೊದಲ ಪೋಸ್ಟಿಂಗ್ ಆದದ್ದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ಹಂಪಸಾಗರದ ಕಡೆಯ ಒಂದು ಹಳ್ಳಿಗೆ. ಏಳನೇ ತರಗತಿಯವರೆಗಿನ ಶಾಲೆ. ಕಾಗದದ ಮೇಲೆ ನಾಲ್ವರು ಶಿಕ್ಷಕರು, ಇದ್ದವರು ಇಬ್ಬರು: ಹೆಡ್‌ಮಾಸ್ತರರಾಗಿದ್ದ ಅವರು ಮತ್ತು ನಾನು. ಅವರಿಗೆ ಆಗಲೇ ಐವತ್ತು ದಾಟಿತ್ತು. ಗಿಡ್ಡ ಆಳು, ಬಿಳಿ ಅಂಗಿ, ಎಡಗೈಯಲ್ಲಿ ಊಟದ ಚೀಲ. ಚೀಲದೊಳಗೆ ರೊಟ್ಟಿಯ ಡಬ್ಬಿಯ ಪಕ್ಕದಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಟ್ರಾನ್ಸಿಸ್ಟರ್. ಹರಪನಹಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮೊದಲ ದಿನ ನಾನು ನಮಸ್ಕಾರ ಹೇಳಿ ನಿಂತಾಗ ಅವರು ಕೇಳಿದ್ದು ನನ್ನ ಹೆಸರನ್ನಲ್ಲ.

“ಟೀಚರ್, ಅಲ್ಲಲ್ಲಿ ಅಂದ್ರ ಎಲ್ಲಿ?”

ನನಗೆ ಅರ್ಥವಾಗಲಿಲ್ಲ.

“ಬೆಳಿಗ್ಗೆ ರೇಡಿಯೋದಾಗ ಹೇಳಿದ್ರು. ಉತ್ತರ ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳಿ ಅಂತ. ಅಲ್ಲಲ್ಲಿ ಅಂದ್ರ ನಮ್ಮಲ್ಲೋ, ಬ್ಯಾರೆ ಕಡಿನೋ? ಇದನ್ನ ಕೇಳಿ ಮ್ಯಾಲಿನವರು ರಜಾ ಕೊಡ್ತಾರ. ನೀವು ಡಿಗ್ರಿ ಓದೀರಿ, ತಿಳಿದ್ರ ಹೇಳ್ರಿ.”

ತಮಾಷೆ ಇರಬೇಕು ಅಂದುಕೊಂಡೆ. ಅವರು ನಗುತ್ತಿರಲಿಲ್ಲ.

ಮಳೆ ರಜೆಯ ವಿಷಯ ಬಂದರೆ ಅವರ ಕಿವಿಯ ತುದಿ ಕೆಂಪಾಗುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋ ಹೇಳಿದರೆ, “ಅಲ್ಲಿ ವಾಯುಭಾರ ಕುಸೀತತಿ, ಇಲ್ಲಿ ನನ್ನ ಹಾಜರಿ ಕುಸೀತತಿ” ಅನ್ನುತ್ತಿದ್ದರು. ಊರಿಗೆ ಇದ್ದದ್ದು ಒಂದೇ ಫೋನು, ಬಸಣ್ಣ ಎಂಬವರ ಕಿರಾಣಿ ಅಂಗಡಿಯಲ್ಲಿ. ಕಚೇರಿಯಿಂದ ರಜೆಯ ಸುದ್ದಿ ಬಂದರೆ ಬಸಣ್ಣ ಗಿರಾಕಿಗಳನ್ನು ಮುಗಿಸಿ ಸೈಕಲ್ಲಿನಲ್ಲಿ ಬಂದು ಹೇಳಬೇಕು. ಒಮ್ಮೆ ಶಾಲೆ ಬಿಟ್ಟು ಬೀಗ ಹಾಕುವಾಗ ಬಂದರು. “ಸಾರ್, ಇವತ್ತು ರಜಾ ಅಂತ.” ಮೇಷ್ಟ್ರು ಕೈಯಲ್ಲಿದ್ದ ಬೀಗವನ್ನೇ ನೋಡಿದರು. “ಹಾಕಾಕತ್ತೀನಿ ನೋಡ್ರಿ” ಎಂದರು.

ಆ ರಜೆಗೆ ಇನ್ನೊಂದು ಬಾಲವೂ ಇತ್ತು. ರಜೆಯ ದಿನ ಹಾಕಿದ ಹಾಜರಿ ನಡೆಯುವುದಿಲ್ಲ, ಭಾನುವಾರ ಶಾಲೆ ನಡೆಸಿ ಸರಿದೂಗಿಸಿ ಎಂದು ಕಚೇರಿ ಹೇಳಿತು. ಮಕ್ಕಳು ಕಲಿತದ್ದು ನಿಜ, ಆದರೆ ಕಲಿತಂತೆ ಬರೆಯುವ ಹಾಗಿಲ್ಲ. ಭಾನುವಾರ ಅವರು ಅದೇ ಪಾಠವನ್ನೇ ಮತ್ತೆ ಮಾಡಿದರು. “ಕಾಗದದ ಪ್ರಕಾರ ನೀವಿದನ್ನ ಇವತ್ತೇ ಮೊದಲನೇ ಸಲ ಕೇಳಾಕತ್ತೀರಿ. ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದು ಮಕ್ಕಳಿಗೆ ಹೇಳಿದರು.

ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿದ ಮೇಲೆ ಅವರ ಗೋಳು ಎರಡಾಯಿತು. ಮನೆ ಒಂದು ಜಿಲ್ಲೆ, ಶಾಲೆ ಇನ್ನೊಂದು ಜಿಲ್ಲೆ. ಅಲ್ಲಿ ರಜೆ ಇದ್ದರೆ ಇಲ್ಲಿ ಇಲ್ಲ. ಇಲ್ಲಿ ಇದ್ದರೆ ಅಲ್ಲಿ ಇಲ್ಲ. ಒಂದು ಬೆಳಿಗ್ಗೆ ಪೂರ್ತಿ ನೆನೆದು ಬಂದರು. ಧೋತರದ ಅಂಚು ಹಿಂಡುತ್ತಾ ಹೇಳಿದರು: “ನಮ್ಮ ಮನಿ ಮುಂದಿನ ಸಾಲಿಗೆ ರಜಾ ಐತಿ, ನನ್ನ ಸಾಲಿಗಿಲ್ಲ. ಮಳಿಗೆ ಜಿಲ್ಲಾ ಗೊತ್ತಾಗ್ತತೇನು?”

ಇಷ್ಟು ಸಿಟ್ಟು ಯಾತಕ್ಕೆ ಎಂದು ನಾನು ಒಮ್ಮೆ ಕೇಳಿದೆ. ಮಕ್ಕಳಿಗೆ ರಜೆ ಅಂದರೆ ಖುಷಿಯೇ ಅಲ್ಲವೇ ಎಂದೆ. ಅವರು ಡಬ್ಬಿಯ ಮುಚ್ಚಳದಲ್ಲಿ ನನಗೆ ಪುಂಡಿಪಲ್ಯ ಹಾಕಿಕೊಡುತ್ತಿದ್ದರು. ಹಾಕುವುದನ್ನು ನಿಲ್ಲಿಸದೆ ಹೇಳಿದರು: “ಗಂಡುಹುಡುಗ್ರು ರಜಾ ಮುಗಿಸಿ ತಾವೇ ಬರ್ತಾವ. ಹೆಣ್ಣುಹುಡುಗ್ರನ್ನ ನಾ ಹೋಗಿ ಕರ್ಕೊಂಡು ಬರಬೇಕು. ಒಂದಿನ ಸಾಲಿ ಇಲ್ಲ ಅಂದ್ರ ಶೇಂಗಾ ಕೀಳಾಕ ಕರ್ಕೊಂಡ್ಹೋಗ್ತಾರ. ಮರುದಿನ ಕೂಸು ಹಿಡ್ಕೊಳ್ಳಾಕ ಯಾರೂ ಇಲ್ಲ ಅಂತಾರ. ಮೂರನೇ ದಿನ ಆ ಹುಡುಗಿಗೇ ನಾಚಿಕಿ ಬಂದುಬಿಡ್ತತಿ. ನಾಚಿಕಿ ಬಂತಂದ್ರ ಮುಗೀತು.”

ಪ್ರತಿ ರಜೆಯ ಮರುದಿನ ಅವರು ಹಳ್ಳ ದಾಟಿ ಹಟ್ಟಿಗೆ ಹೋಗುತ್ತಿದ್ದುದು ಇದಕ್ಕೇ. ಹಟ್ಟಿ ಎಂದರೆ ಕುರಿ ಸಾಕುವವರ ಇಪ್ಪತ್ತು ಮೂವತ್ತು ಮನೆ, ಊರಿನಿಂದ ಒಂದೂವರೆ ಮೈಲಿ. ನಡುವೆ ಹಳ್ಳ. ವರ್ಷದ ಬಹುಪಾಲು ಅದರಲ್ಲಿ ಮರಳಷ್ಟೇ ಇರುತ್ತಿತ್ತು, ಮಳೆಗಾಲದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಹಟ್ಟಿಯಿಂದ ನಮ್ಮ ಶಾಲೆಗೆ ನಾಲ್ಕು ಮಕ್ಕಳು ಬರುತ್ತಿದ್ದರು. ಮೂವರು ಚಿಕ್ಕ ಹುಡುಗರು, ಮತ್ತು ಏಳನೇ ತರಗತಿಯ ಹುಲಿಗೆಮ್ಮ.

ಹಟ್ಟಿಯಿಂದ ಏಳನೇ ತರಗತಿಯವರೆಗೆ ಬಂದ ಮೊದಲ ಹುಡುಗಿ ಅವಳು. ಅವಳ ಅಪ್ಪ ಮೈಲಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹಡಗಲಿ ಕಡೆ ಹೋಗಿರುತ್ತಿದ್ದ. ಮೇಷ್ಟ್ರು ವರಾಂಡದ ಹಳೆಯ ಕರಿಹಲಗೆಯ ಮೇಲೆ ಎರಡು ಸಾಲು ಗೀಚಿದ್ದರು. ಒಂದರ ಮೇಲೆ ‘ರೇಡಿಯೋ ಹೇಳಿದ್ದು’, ಇನ್ನೊಂದರ ಮೇಲೆ ‘ಮುಗಿಲು ಮಾಡಿದ್ದು’. ಮೊದಲನೆಯದನ್ನು ಅವರೇ ಬರೆಯುತ್ತಿದ್ದರು. ಎರಡನೆಯದು ಹುಲಿಗೆಮ್ಮನ ಕೆಲಸ. ಎರಡೂ ಒಂದೇ ಆದ ದಿನಗಳು ಬಹಳ ಕಡಿಮೆ. ಅದರಲ್ಲಿ ಮೇಷ್ಟ್ರಿಗೆ ಒಂದು ಬಗೆಯ ಸಮಾಧಾನವಿತ್ತು ಎಂದು ಕಾಣುತ್ತದೆ.

ಒಂದು ದಿನ ಹುಲಿಗೆಮ್ಮ ಸುಣ್ಣದ ಕಡ್ಡಿ ಹಿಡಿದು ಸುಮ್ಮನೆ ನಿಂತಿದ್ದಳು.

“ಯಾಕವ್ವ, ಬರಿ” ಎಂದರು ಮೇಷ್ಟ್ರು.

“ನಿನ್ನಿ ನಮ್ಮ ಹಟ್ಯಾಗ ಮಳಿ ಬಂತು ಸಾ. ಊರಾಗ ಬರ್ಲಿಲ್ಲಂತ. ಏನಂತ ಬರೀಲಿ?”

ಅವರು ಹಲಗೆಯ ಎರಡೂ ಸಾಲು ನೋಡಿದರು. “ಅಲ್ಲಲ್ಲಿ ಅಂತ ಬರಿ” ಎಂದರು. ಆಮೇಲೆ ಒಳಗೆ ಬಂದು ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಒಬ್ಬರೇ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಬಂದ ಎರಡನೆಯ ವರ್ಷ ಮಳೆಗಾಲದ ಕೊನೆಗೆ ರಜೆಗಳು ಒಂದರ ಹಿಂದೊಂದು ಬಂದವು. ಎರಡು ವಾರದಲ್ಲಿ ಮೂರು ಸಲ ಭಾರಿ ಮಳೆ ಎಂದರು, ಮೂರು ಸಲವೂ ಒಂದು ಹನಿ ಬೀಳಲಿಲ್ಲ. ಮೂರನೆಯ ರಜೆಯನ್ನು ಮೇಷ್ಟ್ರು ಪಾಲಿಸಲಿಲ್ಲ. ಬಸಣ್ಣ ಹೊತ್ತಿಗೆ ಮುಂಚೆಯೇ ಬಂದು ಹೇಳಿದ್ದರೂ ಬೆಲ್ಲು ಹೊಡೆಸಿ ಶಾಲೆ ನಡೆಸಿದರು. ಯಾರೋ ಕಚೇರಿಗೆ ಮುಟ್ಟಿಸಿದರು. ನೋಟಿಸ್ ಬಂತು. ಅವರು ಒಂದೇ ಸಾಲಿನ ಉತ್ತರ ಬರೆದರು: ‘ಸದರಿ ದಿನ ಮಳೆ ಬಂದಿರುವುದಿಲ್ಲ.’ ಕಚೇರಿಗೆ ಕರೆಸಿ ಬೆಳಗಿನಿಂದ ಸಂಜೆಯವರೆಗೆ ವರಾಂಡದಲ್ಲಿ ನಿಲ್ಲಿಸಿದರು. ಇನ್ನೊಂದು ಸಲ ಹೀಗಾದರೆ ಕೂಡ್ಲಿಗಿಯ ಆಚೆ ಎಲ್ಲಿಗಾದರೂ ಹಾಕುತ್ತೇವೆ ಎಂದು ಹೇಳಿ ಕಳಿಸಿದರು. ಮರುದಿನ ಅವರು ಎಂದಿನಂತೆ ಬಂದು, ಎಂದಿನಂತೆ ಹಟ್ಟಿಗೆ ಹೋಗಿ ಹುಲಿಗೆಮ್ಮನನ್ನು ಕರೆದುಕೊಂಡು ಬಂದರು. ನಡುವೆ ಎರಡು ದಿನ ಅವಳು ಶೇಂಗಾ ಕೀಳಲು ಹೋಗಿದ್ದಳು.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಗುರುವಾರ. ಮಧ್ಯಾಹ್ನ ಹನ್ನೆರಡೂವರೆಗೆ ಮಕ್ಕಳು ರೊಟ್ಟಿ ಬಿಚ್ಚುವ ಹೊತ್ತಿಗೆ ಬಸಣ್ಣ ಬಂದರು.

“ಸಾರ್, ಫೋನ್ ಬಂದಿತ್ರಿ. ಭಾರಿ ಮಳಿ ಬರ್ತತಂತ. ರಜಾ ಅಂತ.”

“ನಾಳಿಂದೇನು?”

“ಇಲ್ರಿ, ಈಗಿಂದಲೇ. ಮಕ್ಕಳನ್ನ ಮನಿಗೆ ಕಳಿಸ್ರಿ ಅಂದಾರ.”

ಮೇಷ್ಟ್ರು ಅಂಗಳಕ್ಕೆ ಇಳಿದು ಮೇಲೆ ನೋಡಿದರು. ನಾನೂ ನೋಡಿದೆ. ಬಿಸಿಲು ಚೆನ್ನಾಗಿತ್ತು. ಪಡುವಣದಲ್ಲಿ ದೂರಕ್ಕೆ ಸ್ವಲ್ಪ ಕಪ್ಪು ಇತ್ತು, ಅಷ್ಟೆ.

“ಮನಿಗೆ ಕಳಿಸಿದ್ರ ಮನ್ಯಾಗ ಯಾರದಾರ?” ಎಂದರು. “ಎಲ್ರೂ ಹೊಲಕ್ಕ ಹೋಗ್ಯಾರ. ಮಳಿ ಬರಾಂಗಿದ್ರ ಸಾಲ್ಯಾಗ ಇರೋದೇ ಚಲೋ. ಛಾವಣಿ ಗಟ್ಟಿ ಐತಿ. ನಾಕೂವರಿಗೆ ಎಂದಿನಂಗ ಬಿಡೋಣ.”

ಇಲ್ಲಿ ನಾನು ಮಾತಾಡಿದೆ. “ಸಾರ್, ಬಿಟ್ಟುಬಿಡ್ರಿ. ಇನ್ನೊಂದು ನೋಟಿಸ್ ಬಂದ್ರ ನಿಮ್ಮನ್ನ ಎತ್ತಿ ಎಲ್ಲೋ ಹಾಕ್ತಾರ. ನಂದೂ ಪ್ರೊಬೇಷನ್ ಮುಗಿದಿಲ್ಲ. ಮಳಿ ಎಲ್ಲಿ ಬರ್ತತಿ, ಸುಮ್ಮನ ಕಳಿಸ್ರಿ.”

ನಾನು ಹೇಳದೆ ಬಿಟ್ಟದ್ದು ಒಂದಿತ್ತು. ಅವತ್ತು ಸಂಜೆ ಕೊಟ್ಟೂರಿನ ನಮ್ಮ ಮನೆಗೆ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಈಗ ಶಾಲೆ ಬಿಟ್ಟರೆ ನನಗೆ ಒಂದೂವರೆಯ ಬಸ್ಸು ಸಿಗುತ್ತಿತ್ತು.

ಮೇಷ್ಟ್ರು ನನ್ನ ಮುಖ ನೋಡಿದರು. ಬಹುಶಃ ಕಚೇರಿಯ ವರಾಂಡದಲ್ಲಿ ನಿಂತದ್ದು ನೆನಪಾಗಿರಬೇಕು. ಕಾಲು ಊದಿಕೊಂಡಿತ್ತೆಂದು ಅವರು ಆಮೇಲೆ ಹೇಳಿದ್ದರು. “ಆತು. ಬೆಲ್ಲು ಹೊಡೀರಿ” ಎಂದರು. ಮಾಡಿಗೆ ಕಟ್ಟಿದ ಕಬ್ಬಿಣದ ತುಂಡನ್ನು ಹೊಡೆದವಳು ನಾನೇ. ಮಕ್ಕಳು ಕೂಗುತ್ತಾ ಓಡಿದರು. ನಾನು ಬಸ್ಸಿನ ಕಡೆ ನಡೆದೆ.

ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಹಟ್ಟಿಯ ನಾಲ್ಕು ಮಕ್ಕಳೂ ಹಳ್ಳದ ತನಕ ಹೋದರು. ಹೊತ್ತು ಬಹಳ ಇತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ದಡದ ಪೊದೆಗಳಲ್ಲಿ ಸೀತಾಫಲ ಹಣ್ಣಾಗಿತ್ತು. ಕಿತ್ತು ತಂದು ಹಳ್ಳದ ನಡುವಿನ ಮರಳಿನಲ್ಲಿ ಕುಳಿತು ತಿಂದರು. ಬಿಸಿಲಿತ್ತು. ಮಳೆ ಬಿದ್ದದ್ದು ಮೇಲೆ, ಗುಡ್ಡಗಳ ಕಡೆ. ಎರಡು ಗಂಟೆಯ ಸುಮಾರಿಗೆ ನೀರು ಒಮ್ಮೆಲೇ ಬಂತು. ಮೂವರು ಹುಡುಗರು ಈ ದಡಕ್ಕೆ ಹತ್ತಿಕೊಂಡರು. ಹುಲಿಗೆಮ್ಮ ಸ್ವಲ್ಪ ದೂರದಲ್ಲಿ ಕೈ ತೊಳೆಯುತ್ತಿದ್ದಳು. ಎಂದಿನಂತೆ ನಾಲ್ಕೂವರೆಗೆ ಬಿಟ್ಟಿದ್ದರೆ ಮಕ್ಕಳು ಹಳ್ಳ ತುಂಬಿ ಹರಿಯುವುದನ್ನು ಕಂಡು ತಿರುಗಿ ಬರುತ್ತಿದ್ದರು.

ಮೂರನೆಯ ದಿನ ನಸುಕಿಗೆ ಹಂಪಸಾಗರದ ಕೆಳಗೆ, ನದಿಯ ನೀರು ನಿಂತ ಕಡೆ, ಮೀನು ಹಿಡಿಯುವವರಿಗೆ ಸಿಕ್ಕಳು.

ಕೊಟ್ಟೂರಿನಲ್ಲಿ ಗಂಡಿನವರು ಒಪ್ಪಿಕೊಂಡು ಹೋಗಿದ್ದರು. ಶುಕ್ರವಾರ ಅಲ್ಲೇ ಉಳಿದು, ಶನಿವಾರ ಬೆಳಿಗ್ಗೆ ನಾನು ಸಿಹಿಯ ಡಬ್ಬಿ ಹಿಡಿದು ಬಸ್ಸಿಳಿದೆ. ಬಸಣ್ಣನ ಅಂಗಡಿ ಮುಚ್ಚಿತ್ತು. ಶಾಲೆಯ ಮೆಟ್ಟಿಲ ಮೇಲೆ ಮೇಷ್ಟ್ರು ಕುಳಿತಿದ್ದರು. ಗುರುವಾರದ ಅಂಗಿಯೇ ಮೈಮೇಲಿತ್ತು. ಎರಡು ದಿನ ದಡದ ಮೇಲೆಯೇ ಇದ್ದರಂತೆ. ನನಗೆ ವಿಷಯ ಹೇಳಿದವರೂ ಅವರೇ, ನಾಲ್ಕು ಮಾತಿನಲ್ಲಿ. ಹೇಳಿ, “ಡಬ್ಬಿ ಒಳಗಿಡ್ರಿ, ಇರುವಿ ಹತ್ತತಾವ” ಎಂದರು.

ಹತ್ತು ದಿನಕ್ಕೆ ವಿಚಾರಣೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ನಾನು ಪಕ್ಕದ ಮೇಜಿನಲ್ಲಿ ಕುಳಿತು ಅಂಕಪಟ್ಟಿ ಬರೆಯುತ್ತಿದ್ದೆ. ಅಧಿಕಾರಿ ಒರಟರಲ್ಲ, ಮೃದುವಾಗಿಯೇ ಕೇಳಿದರು.

“ಆದೇಶ ಬಂದಿತ್ತಲ್ಲವೇ?”

“ಬಂದಿತ್ತು ಸಾರ್.”

“ಆದೇಶದ ಪ್ರಕಾರವೇ ಬಿಟ್ಟಿದ್ದೀರಿ.”

“ಹೌದು. ಆದ್ರ ಬಿಡಬಾರದು ಅಂತ ನನಗನಿಸಿತ್ತು ಸಾರ್. ಅದನ್ನೂ ಬರ್ಕೊಳ್ರಿ.”

“ಅನಿಸಿದ್ದನ್ನು ಬರೆಯೋ ಜಾಗ ಇದರಲ್ಲಿಲ್ಲ” ಎಂದು ಅಧಿಕಾರಿ ಕಾಗದ ತೋರಿಸಿದರು. “ಬಿಡಿ ಅಂತ ಬೇರೆ ಯಾರಾದರೂ ಹೇಳಿದರೇ?”

ನನ್ನ ಪೆನ್ನು ನಿಂತಿತು.

“ಯಾರೂ ಇಲ್ಲ. ನಾನೇ” ಎಂದರು ಮೇಷ್ಟ್ರು.

ನಾನು ಮುಂದಿನ ಹುಡುಗನ ಅಂಕ ಬರೆದೆ.

ಹೆಡ್‌ಮಾಸ್ತರರು ಆದೇಶದಂತೆ ಕ್ರಮ ಕೈಗೊಂಡಿದ್ದಾರೆ, ಅವರ ತಪ್ಪೇನೂ ಕಂಡುಬರುವುದಿಲ್ಲ ಎಂದು ವರದಿಯ ಪ್ರತಿ ಬಂತು. ಅವರು ಅದನ್ನು ಓದಿ ನನ್ನ ಕೈಗೆ ಕೊಟ್ಟು, ಫೈಲಿಗೆ ಹಾಕಿ ಎಂದರು. ಬೈಸಿಕೊಂಡಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ನನಗಂತೂ ಆಗ ಏನೂ ಅನಿಸಲಿಲ್ಲ. ಅನಿಸಬೇಕಾದ ಜಾಗದಲ್ಲಿ ಮರಗಟ್ಟಿದ ಕಾಲಿನಂಥದ್ದೇನೋ ಇತ್ತು. ತಿಂಗಳಾದ ಮೇಲೆ ಅನಿಸಬಹುದು ಎಂದುಕೊಂಡೆ, ಆಮೇಲೆ ಅದರ ಬಗ್ಗೆ ಯೋಚಿಸುವುದನ್ನೂ ಬಿಟ್ಟೆ.

ಅವರು ರೇಡಿಯೋ ತರುವುದನ್ನು ನಿಲ್ಲಿಸಿದರು. ವರಾಂಡದ ಹಲಗೆಯನ್ನು ಒಳಗೆ ಗೋಡೆಗೆ ಮುಖ ಮಾಡಿ ಇಟ್ಟರು. ರಜೆ ಎಂದು ಬಸಣ್ಣ ಬಂದರೆ “ಆತು” ಅನ್ನುತ್ತಿದ್ದರು, ಅಷ್ಟೇ. ಆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬಸಣ್ಣನೇ ಒಂದು ಸಲ ನನ್ನ ಬಳಿ, “ಸಾರು ಬೈದಿದ್ರ ಚಲೋ ಇತ್ತು ನೋಡ್ರಿ ಟೀಚರ್. ಹಿಂಗ ಆತು ಅಂದ್ರ ನನಗ ಇಲ್ಲಿಂದ ಹೋಗಾಕ ಕಾಲೇ ಬರಲ್ಲ” ಎಂದರು.

ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಶಾಲೆ ಬಿಟ್ಟ ಮೇಲೆ ಅವರು ಹಟ್ಟಿಯ ಮಕ್ಕಳ ಹಿಂದೆ ಹಳ್ಳದವರೆಗೆ ನಡೆಯುತ್ತಿದ್ದರು. ನೀರಿಲ್ಲದ ದಿನವೂ ಹೋಗುತ್ತಿದ್ದರು. ಮಕ್ಕಳು ಆಚೆ ದಡ ಹತ್ತಿ ಕಾಣದಾಗುವವರೆಗೆ ನಿಂತು ತಿರುಗಿ ಬರುವಷ್ಟರಲ್ಲಿ ಐದೂಕಾಲಿನ ಬಸ್ಸು ಹೋಗಿರುತ್ತಿತ್ತು. ನಿವೃತ್ತಿಯಾಗುವವರೆಗೂ, ಐದು ಮಳೆಗಾಲ, ಹೀಗೇ. ದಾರಿಯಲ್ಲಿ ಮಕ್ಕಳ ಜೊತೆ ಮಾತಾಡುತ್ತಿರಲಿಲ್ಲವಂತೆ.

ಹುಲಿಗೆಮ್ಮ ಹೋದ ಮರುವರ್ಷದ ಜೂನ್‌ನಲ್ಲಿ ಮೈಲಪ್ಪ ಶಾಲೆಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆರು ವರ್ಷದ ಚಿಕ್ಕ ಮಗಳ ಕೈ. ಕುರ್ಚಿ ತೋರಿಸಿದರೂ ಕೂರದೆ ನೆಲದ ಮೇಲೆ ಕುಳಿತ.

“ಸಾ, ಇಕಿನ್ನ ಬರ್ಕೊಳ್ರಿ.”

ಮೇಷ್ಟ್ರು ದಾಖಲಾತಿ ಪುಸ್ತಕ ತೆಗೆದರು. ಪೆನ್ನಿನ ಮುಚ್ಚಳ ತೆಗೆದರು. ಹೆಸರು ಕೇಳಿದರು. ಮೈಲಪ್ಪ ಹೇಳಿದ. ಅವರು ಬರೆಯಲಿಲ್ಲ. ಮತ್ತೆ ಕೇಳಿದರು. ಮೈಲಪ್ಪ ಮತ್ತೆ ಹೇಳಿದ. ಪುಸ್ತಕವನ್ನು ನನ್ನ ಕಡೆ ತಳ್ಳಿದರು. ನಾನು ಬರೆದೆ.

ಮೈಲಪ್ಪ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: “ಅದು ಹಳ್ಳ ಸಾ. ಅದಕ್ಕೇನ್ ತಿಳೀತತಿ. ನೀವು ಮಧ್ಯಾಹ್ನ ಉಣ್ಣಲ್ಲಂತ, ಹುಡುಗ್ರು ಹೇಳ್ತಾವ. ಉಣ್ರಿ.”

ನಾನು ಎದುರಿಗೆ ಕುಳಿತು ದಿನಾ ಉಣ್ಣುತ್ತಿದ್ದೆ. ಅವರು ಡಬ್ಬಿ ತೆಗೆಯದೆ ಇರುವುದನ್ನು ಕಂಡಿದ್ದೆ, ಕೇಳಿರಲಿಲ್ಲ.

ನಿವೃತ್ತಿಯ ಎರಡು ವರ್ಷಕ್ಕೆ, ಯಾವುದೋ ತರಬೇತಿಗೆ ಹರಪನಹಳ್ಳಿಗೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಮೆಕ್ಕೆಜೋಳದ ಸುಗ್ಗಿ. ಬೀದಿಯ ತುಂಬ ಕಾಳು ಹರವಿದ್ದರು, ಕಾಲಿಡಲು ಜಾಗವಿರಲಿಲ್ಲ. ಅವರು ಕಟ್ಟೆಯ ಮೇಲೆ ಕುಳಿತಿದ್ದರು. ತೆಳ್ಳಗಾಗಿದ್ದರು, ಆದರೆ ಗುರುತು ಹಿಡಿದರು. ಅವರ ಹೆಂಡತಿ ಮಂಡಕ್ಕಿ ಒಗ್ಗರಣೆ ಮಾಡಿ ತಂದಿಟ್ಟು ಒಳಗೆ ಹೋದರು. ಶಾಲೆ ಹೇಗಿದೆ ಎಂದು ಮೇಷ್ಟ್ರು ಕೇಳಿದರು. ಶಿಕ್ಷಕರು ನಾಲ್ವರಾಗಿದ್ದಾರೆ ಎಂದೆ. ಮೈಲಪ್ಪನ ಚಿಕ್ಕ ಮಗಳು ಏಳನೆಯದಕ್ಕೆ ಬಂದಿದ್ದಾಳೆ ಎಂದೆ. ತಲೆಯಾಡಿಸಿದರು. ಹೇಳಬೇಕೆಂದು ಹೋದವಳಲ್ಲ ನಾನು. ಬಾಯಿಗೆ ತಾನಾಗಿ ಬಂತು.

“ಸಾರ್, ಅವತ್ತು ಬಿಡ್ರಿ ಅಂದಾಕಿ ನಾನು. ನನಗ ಒಂದೂವರಿ ಬಸ್ಸು ಬೇಕಾಗಿತ್ತು. ವಿಚಾರಣಿಗೆ ಬಂದಾಗ್ಲೂ ನಾ ಹೇಳಲಿಲ್ಲ.”

ನಿಮ್ಮದೇನೂ ತಪ್ಪಿಲ್ಲ ಅನ್ನುತ್ತಾರೆ ಎಂದು ನಾನು ಕಾದೆ. ಅಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತೋ ಸಮಾಧಾನವಾಗುತ್ತಿತ್ತೋ ತಿಳಿಯದು. ಅವರು ತಟ್ಟೆಯಲ್ಲಿ ಉಳಿದ ಮಂಡಕ್ಕಿಯನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದರು.

“ಹೇಳ್ತೀರೇನೋ ಅಂತ ಆ ವರ್ಷ ಪೂರ್ತಿ ಕಾದೆ ಟೀಚರ್” ಎಂದರು. “ಅವರಿಗಲ್ಲ, ನನಗ. ಹೊರಾಕ ಇಬ್ರು ಅದೀವಿ ಅಂತ ಆಗ್ತಿತ್ತು. ಆಮ್ಯಾಲ ಕಾಯೋದು ಬಿಟ್ಟೆ.”

ದನಿಯಲ್ಲಿ ಸಿಟ್ಟಿರಲಿಲ್ಲ, ನೋವೂ ಕಾಣಲಿಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದರು. ಬೀದಿಯಲ್ಲಿ ಒಬ್ಬಾಕೆ ಕಾಳನ್ನು ಕಾಲಿನಿಂದ ಸಾಲು ಸಾಲಾಗಿ ತಿರುವಿಹಾಕುತ್ತಾ ಹೋದಳು, ಕೊನೆ ಮುಟ್ಟಿ ತಿರುಗಿ ಬಂದಳು. ನಾನು ಅವಳನ್ನು ನೋಡುತ್ತಾ ಕುಳಿತಿದ್ದೆ. ಅವರೂ ಅವಳನ್ನೇ ನೋಡುತ್ತಿದ್ದರು.